ಸಾಫ್ಟ್‌ಬಾಲ್ ಬೇಲಿಗೆ ಕ್ಯಾಮೆರಾ ಆನಿಸಿ

ಪ್ರಶ್ನೆ: ನಾವು ಶಿಕಾಗೊ ಹತ್ತಿರದ ನೇಪರ್‌ವಿಲ್‌ನಲ್ಲಿದ್ದೇವೆ. ಆಗಸ್ಟ್‌ನಲ್ಲಿ ನಮ್ಮ ಯಜಮಾನರ ಆಫೀಸಿನವರು ಶನಿವಾರ, ಭಾನುವಾರ ಎರಡು ದಿನದ ಸಾಫ್ಟ್‌ಬಾಲ್ ಟೂರ್ನಮೆಂಟಿಗೆ ಹೆಸರು ಕೊಟ್ಟಿದ್ದಾರೆ. ಗಂಡಸರು ಹೆಂಗಸರು ಸೇರಿದ ಟೀಮು, ಸ್ಲೋ ಪಿಚ್ ಅಂತೆ. ಮಗಳ ಹುಟ್ಟುಹಬ್ಬದ ಫೋಟೊ ಚೆನ್ನಾಗಿ ಬಂದಿತ್ತು ಅನ್ನೋ ಒಂದೇ ಕಾರಣಕ್ಕೆ ಫೋಟೊ ಜವಾಬ್ದಾರಿಯನ್ನು ನನ್ನ ತಲೆಗೆ ಕಟ್ಟಿದ್ದಾರೆ. ಕ್ಯಾನನ್ ಆರ್50 ಇದೆ, ಜೊತೆಗೆ 18-45 ಮತ್ತು 55-210 ಲೆನ್ಸ್. ಕ್ರಿಕೆಟ್ ನೋಡಿ ಬೆಳೆದವಳು ನಾನು, ಈ ಆಟದ ತಲೆಬುಡ ಗೊತ್ತಿಲ್ಲ. ಫೈನಲ್ ಭಾನುವಾರ ರಾತ್ರಿ ಲೈಟಿನಲ್ಲಿ. ಸೆಟಿಂಗ್ ಏನಿಡಲಿ? ದೊಡ್ಡ ಲೆನ್ಸ್ ಬಾಡಿಗೆಗೆ ತರಬೇಕೆ?

ಉತ್ತರ: ಸೆಟಿಂಗ್ ಆಮೇಲೆ ನೋಡೋಣ. ಮೊದಲು ನಾನೇ ಮಾಡಿಕೊಂಡ ಒಂದು ಎಡವಟ್ಟು ಕೇಳಿ.

ನಾನೂ ಇಲಿನಾಯ್‌ನಲ್ಲಿ ಹಲವು ಬೇಸಿಗೆ ಕಳೆದವನು. ಮೊದಲ ಸಲ ಸಾಫ್ಟ್‌ಬಾಲ್ ಫೋಟೊ ತೆಗೆಯಲು ಹೋದಾಗ ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಒಂದೇ ಕಡೆ ನಿಂತು ಎರಡು ಸಾವಿರ ಚಿಲ್ಲರೆ ಫ್ರೇಮ್ ಹೊಡೆದೆ. ಬ್ಯಾಟ್ ಬೀಸಿದ್ದು, ಧೂಳೆಬ್ಬಿಸಿ ಜಾರಿದ್ದು, ಕ್ಯಾಚ್ ಹಿಡಿದಿದ್ದು ಎಲ್ಲ ಇತ್ತು. ಹೆಮ್ಮೆಯಿಂದ ಆಲ್ಬಮ್ ಕಳಿಸಿದೆ. ಮಾರನೇ ದಿನ ಫಸ್ಟ್ ಬೇಸ್‌ನಲ್ಲಿ ಆಡುತ್ತಿದ್ದ ಮನುಷ್ಯನ ಮೆಸೇಜ್ ಬಂತು: ಫೋಟೊ ಬಹಳ ಚೆನ್ನಾಗಿವೆ, ನಂದೊಂದಾದರೂ ಇದೆಯಾ? ಹುಡುಕಿದೆ. ನಲವತ್ತೇಳು ಫ್ರೇಮುಗಳಲ್ಲಿ ಆತ ಇದ್ದ, ನಲವತ್ತೇಳರಲ್ಲೂ ಬೆನ್ನು. ಅಂಗಿಯ ಮೇಲಿನ ನಂಬರು ಮಾತ್ರ ಕನ್ನಡಿಯ ಹಾಗೆ ಶಾರ್ಪ್ ಆಗಿ ಬಂದಿತ್ತು. ನಾನು ನಿಂತಿದ್ದು ಫಸ್ಟ್ ಬೇಸ್ ಬದಿಯ ಬೇಲಿಯ ಹಿಂದೆ. ಆತ ಇಡೀ ದಿನ ಮೈದಾನದ ಒಳಕ್ಕೆ ಮುಖ ಮಾಡಿ ಚೆಂಡಿಗಾಗಿ ಕಾಯುತ್ತಿದ್ದ. ನಾನು ಜಾಗ ಬದಲಿಸದಿದ್ದರೆ ಆತನ ಮುಖ ನನಗೆಲ್ಲಿ ಕಾಣಬೇಕು?

ಅವತ್ತಿನಿಂದ ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳುತ್ತೇನೆ. ಟೀಮಿನ ಎಲ್ಲರ ಅಂಗಿ ನಂಬರು ಬರೆದು, ಮುಖ ಸರಿಯಾಗಿ ಸಿಕ್ಕಿದವರ ಮುಂದೆ ಒಂದು ಗೀಟು. ನೀವೂ ಹಾಗೇ ಮಾಡಿ. ಇದು ವಿಶ್ವಕಪ್ ಅಲ್ಲ. ಈ ಫೋಟೊ ನೋಡುವವರು ಆ ಹನ್ನೆರಡು ಹದಿಮೂರು ಜನ, ಅವರ ಮನೆಯವರು, ಊರಿನಲ್ಲಿರೋ ಅಪ್ಪ ಅಮ್ಮ. ಯಾರು ಗೆದ್ದರು ಅನ್ನೋದು ಮುಂದಿನ ವಾರ ಯಾರಿಗೂ ನೆನಪಿರೋದಿಲ್ಲ. ನಂದೊಂದೂ ಇಲ್ಲ ಅನ್ನೋದು ಮಾತ್ರ ವರ್ಷಗಟ್ಟಲೆ ನೆನಪಿರುತ್ತೆ.

ಆಟ ಗೊತ್ತಿಲ್ಲ ಅಂದಿರಿ. ಫೋಟೊಗೆ ಬೇಕಾದಷ್ಟು ಹತ್ತು ನಿಮಿಷದಲ್ಲಿ ಕಲಿಯಬಹುದು. ನಾಲ್ಕು ಬೇಸ್‌ಗಳ ಒಂದು ಚೌಕ, ಒಂದು ಮೂಲೆ ಹೋಮ್ ಪ್ಲೇಟ್. ಬೇಸ್‌ನಿಂದ ಬೇಸ್‌ಗೆ 65 ಅಡಿ, ಕೆಲವು ಕಡೆ 70. ನಮ್ಮ ಕ್ರಿಕೆಟ್ ಪಿಚ್ 66 ಅಡಿ ಅಲ್ಲವೇ, ಹೆಚ್ಚುಕಡಿಮೆ ಅಷ್ಟೇ ಉದ್ದದ ನಾಲ್ಕು ಓಟ ಅಂದುಕೊಳ್ಳಿ. ಹೋಮ್ ಪ್ಲೇಟಿನಿಂದ ಮೈದಾನ ನೋಡಿದರೆ ಬಲಕ್ಕೆ ಫಸ್ಟ್ ಬೇಸ್, ಎದುರಿಗೆ ಸೆಕೆಂಡ್, ಎಡಕ್ಕೆ ಥರ್ಡ್. ಬ್ಯಾಟ್ ಮಾಡಿದವರು ಅಪ್ರದಕ್ಷಿಣೆಯಾಗಿ ಮೂರು ಬೇಸ್ ಮುಟ್ಟಿ ಮನೆಗೆ, ಅಂದರೆ ಹೋಮ್ ಪ್ಲೇಟಿಗೆ, ಬಂದರೆ ಒಂದು ರನ್. ಸ್ಲೋ ಪಿಚ್‌ನಲ್ಲಿ (ಚೆಂಡನ್ನು ನಿಧಾನವಾಗಿ ಎಸೆಯುವ ಬಗೆ ಇದು) ಫೀಲ್ಡಿಂಗಿಗೆ ಹತ್ತು ಜನ, ಏಳು ಇನ್ನಿಂಗ್ಸ್. ಮಿಕ್ಸೆಡ್ ಟೀಮಿನಲ್ಲಿ ಸಾಮಾನ್ಯವಾಗಿ ಐದು ಗಂಡಸರು, ಐದು ಹೆಂಗಸರು, ಬ್ಯಾಟಿಂಗ್ ಒಬ್ಬರ ನಂತರ ಒಬ್ಬರು. ಹಾಗಾಗಿ ಮುಂದೆ ಯಾರು ಬರುತ್ತಾರೆ ಅನ್ನೋದು ಒಂದು ಸುತ್ತು ಮುಗಿಯುವಷ್ಟರಲ್ಲಿ ನಿಮಗೇ ಬಾಯಿಪಾಠ ಆಗಿರುತ್ತದೆ.

ಅಂದಹಾಗೆ ಈ ಆಟ ಹುಟ್ಟಿದ್ದೇ ನಿಮ್ಮ ಶಿಕಾಗೊದಲ್ಲಿ. 1887ರ ಥ್ಯಾಂಕ್ಸ್‌ಗಿವಿಂಗ್ ದಿನ ಫರಗಟ್ ಬೋಟ್ ಕ್ಲಬ್ಬಿನಲ್ಲಿ ಕೂತಿದ್ದವರು ಹಳೇ ಬಾಕ್ಸಿಂಗ್ ಗ್ಲೌಸನ್ನು ಚೆಂಡಿನ ಹಾಗೆ ಕಟ್ಟಿ, ಕೋಲಿನಲ್ಲಿ ಹೊಡೆದು ಆಡಿದ ಒಳಾಂಗಣದ ಆಟ ಇದು. ಜಾರ್ಜ್ ಹ್ಯಾನ್ಕಾಕ್ ಅನ್ನುವವನು ಅದಕ್ಕೆ ನಿಯಮ ಕಟ್ಟಿದ. ಅಲ್ಲಿಯ ಹಳಬರು ಇವತ್ತಿಗೂ 16 ಇಂಚು ಸುತ್ತಳತೆಯ ದಪ್ಪ ಚೆಂಡನ್ನು ಗ್ಲೌಸ್ ಇಲ್ಲದೆ ಬರಿಗೈಯಲ್ಲಿ ಹಿಡಿಯುತ್ತಾರೆ. ನಿಮ್ಮ ಆಫೀಸಿನ ಟೂರ್ನಮೆಂಟು ಮಾಮೂಲಿ 12 ಇಂಚಿನ ಹಳದಿ ಚೆಂಡಿನದ್ದೇ ಇರಬೇಕು. ಅಕಸ್ಮಾತ್ 16 ಇಂಚಿನದ್ದಾಗಿದ್ದರೆ ಆಟಗಾರರ ಬೆರಳುಗಳ ಕ್ಲೋಸಪ್ ಒಂದಾದರೂ ತೆಗೆಯಿರಿ. ವರ್ಷಾನುಗಟ್ಟಲೆ ಆಡಿದವರ ಕೈಯಲ್ಲಿ ನೆಟ್ಟಗಿರೋ ಬೆರಳು ಹುಡುಕಬೇಕು.

ಈಗ ಎಲ್ಲಿ ನಿಲ್ಲೋದು. ಬಲಗೈ ಬ್ಯಾಟರ್ ಹೋಮ್ ಪ್ಲೇಟಿನ ಥರ್ಡ್ ಬೇಸ್ ಬದಿಗೆ ನಿಂತು, ಎದೆಯನ್ನು ಫಸ್ಟ್ ಬೇಸ್ ಬದಿಗೆ ಕೊಡುತ್ತಾರೆ. ಹಾಗಾಗಿ ಅವರ ಮುಖ ಬೇಕಿದ್ದರೆ ನೀವು ಫಸ್ಟ್ ಬೇಸ್ ಕಡೆ ಇರಬೇಕು. ಎಡಗೈಯವರಿಗೆ ತಿರುಗಾಮುರುಗ. ಥರ್ಡ್ ಬೇಸಿನಿಂದ ಮನೆಗೆ ಓಡಿ ಬರುವವರ ಮುಖವೂ ಫಸ್ಟ್ ಬೇಸ್ ಕಡೆಯಿಂದಲೇ ಚೆನ್ನ. ಸೆಕೆಂಡ್ ಬೇಸಿಗೆ ಜಾರುವವರ ಮುಖ, ಥರ್ಡ್‌ಗೆ ಬರುವವರ ಮುಖ, ನನ್ನ ಬಡಪಾಯಿ ಫಸ್ಟ್ ಬೇಸ್‌ಮನ್‌ನ ಮುಖ, ಈ ಮೂರಕ್ಕೂ ಥರ್ಡ್ ಬೇಸ್ ಕಡೆ ಹೋಗಲೇಬೇಕು. ಒಂದು ಲೆಕ್ಕ ಇಟ್ಟುಕೊಳ್ಳಿ: ನಿಮ್ಮವರು ಬ್ಯಾಟ್ ಮಾಡುವಾಗ ಫಸ್ಟ್ ಬೇಸ್ ಬದಿ, ಫೀಲ್ಡಿಂಗಿಗೆ ಇಳಿದಾಗ ಥರ್ಡ್ ಬೇಸ್ ಬದಿ. ಇನ್ನಿಂಗ್ಸ್ ಬದಲಾಗುವ ಹೊತ್ತಿನಲ್ಲಿ ಬೇಲಿಯ ಹಿಂದಿನಿಂದ ಸುತ್ತಿ ಬರಲು ಎರಡು ನಿಮಿಷ ಸಾಕು. ಸಂಜೆಗೆ ಕಾಲು ನೋಯುತ್ತೆ, ಅದಕ್ಕೆ ನಾನು ಜವಾಬ್ದಾರನಲ್ಲ.

ಬಿಸಿಲಿನ ವಿಷಯ ಇದಕ್ಕೇ ಅಂಟಿಕೊಂಡಿದೆ. ಬ್ಯಾಟರ್ ಕಣ್ಣಿಗೆ ಸಂಜೆ ಬಿಸಿಲು ಹೊಡೆಯಬಾರದು ಅಂತ ಬೇಸ್‌ಬಾಲ್ ಮೈದಾನಗಳನ್ನು ಹೋಮ್ ಪ್ಲೇಟಿನಿಂದ ಪೂರ್ವ-ಈಶಾನ್ಯಕ್ಕೆ ಮುಖ ಮಾಡಿ ಕಟ್ಟೋದು ಹಳೇ ಪದ್ಧತಿ, ಸಾಫ್ಟ್‌ಬಾಲಿಗೂ ಸಾಧ್ಯವಾದ ಕಡೆ ಅದೇ. ಅಂಥ ಮೈದಾನ ಸಿಕ್ಕಿದರೆ ಫಸ್ಟ್ ಬೇಸ್ ಬದಿ ಅಂದರೆ ದಕ್ಷಿಣದ ಕಡೆ. ಹತ್ತರಿಂದ ನಾಲ್ಕರವರೆಗೆ ಸೂರ್ಯ ನಿಮ್ಮ ಬೆನ್ನಿಗೆ, ಬೆಳಕು ಬ್ಯಾಟರ್ ಎದೆಗೆ. ಆರು ಗಂಟೆ ದಾಟಿತು ಅಂದರೆ ಬ್ಯಾಟರುಗಳನ್ನು ಬಿಟ್ಟುಬಿಡಿ. ಹೋಮ್ ಪ್ಲೇಟಿನ ಹತ್ತಿರ ನಿಂತು ಫೀಲ್ಡರುಗಳ ಕಡೆ ತಿರುಗಿ, ಇಳಿಬಿಸಿಲು ನೇರ ಅವರ ಮುಖಕ್ಕೆ ಬೀಳುತ್ತದೆ. ದಿನದ ಅತ್ಯುತ್ತಮ ಪೋರ್ಟ್ರೇಟುಗಳು ಆ ಒಂದು ಗಂಟೆಯಲ್ಲೇ ಬರುತ್ತವೆ. ಆದರೆ ಪಾರ್ಕಿನ ಮೈದಾನಗಳಲ್ಲಿ ಒಂದು ತೊಡಕಿದೆ. ನಾಲ್ಕು ಮೈದಾನ ಬೆನ್ನಿಗೆ ಬೆನ್ನು ಹಚ್ಚಿ, ಹೂವಿನ ನಾಲ್ಕು ಎಸಳಿನ ಹಾಗೆ ಕಟ್ಟಿರುತ್ತಾರೆ. ಒಂದೊಂದೂ ಒಂದೊಂದು ದಿಕ್ಕಿಗೆ, ಪಕ್ಕದ ಮೈದಾನದ ಬೆಳಕೇ ಬೇರೆ. ಶುಕ್ರವಾರ ಸಂಜೆ ಒಂದು ಸುತ್ತು ಹೋಗಿ ಬನ್ನಿ, ಫೋನಿನ ಕಂಪಾಸ್ ಹಿಡಿದು ಯಾವುದು ಎತ್ತ ಅಂತ ಗುರುತು ಹಾಕಿಕೊಳ್ಳಿ. ಹಾಗೇ ಹಿನ್ನೆಲೆಯಲ್ಲಿ ಏನಿದೆ ನೋಡಿ. ನೀಲಿ ಪ್ಲಾಸ್ಟಿಕ್ ಟಾಯ್ಲೆಟ್ ಡಬ್ಬಿಗಳ ಸಾಲು ಸಾಮಾನ್ಯವಾಗಿ ಅತ್ಯಂತ ಒಳ್ಳೆಯ ಆಂಗಲ್‌ನ ನೇರ ಹಿಂದೆಯೇ ಇರುತ್ತದೆ. ಎರಡಡಿ ಪಕ್ಕಕ್ಕೆ ಸರಿದರೆ, ಇಲ್ಲ ಮಂಡಿಯೂರಿ ಕೂತರೆ ಅದು ಮರೆಯಾಗುತ್ತದೆ.

ಮಂಡಿಯೂರಿ ಕೂರುವ ಅಭ್ಯಾಸ ಹೇಗೂ ಒಳ್ಳೆಯದು. ಕ್ಯಾಮೆರಾ ಸೊಂಟದ ಮಟ್ಟಕ್ಕೆ ಇಳಿದರೆ ಆಟಗಾರ ಆಕಾಶದ ಕಡೆ ಬೆಳೆಯುತ್ತಾನೆ, ಹಿಂದಿನ ಕಾರುಗಳು ನೆಲದ ಅಂಚಿಗೆ ಇಳಿಯುತ್ತವೆ.

ಬೇಲಿ ಇದೆಯಲ್ಲ, ಜಾಲರಿ ಬೇಲಿ, ಹೊಸಬರು ಅಲ್ಲೇ ಸೋಲೋದು. ಎರಡು ಹೆಜ್ಜೆ ಹಿಂದೆ ನಿಂತು ತೆಗೆದರೆ ಕ್ಯಾಮೆರಾ ತಂತಿಗೆ ಫೋಕಸ್ ಹಿಡಿಯುತ್ತದೆ, ಆಟಗಾರರು ಮಸುಕು. ಲೆನ್ಸಿನ ಮುಂಭಾಗವನ್ನು ತಂತಿಗೆ ತಾಗುವಷ್ಟು ಹತ್ತಿರ ತಂದು, ಒಂದು ಚೌಕದ ನಟ್ಟನಡುವೆ ಇಟ್ಟು, 150ರಿಂದ 210ರವರೆಗೆ ಜೂಮ್ ಮಾಡಿ. ತಂತಿ ಕಾಣೋದೇ ಇಲ್ಲ. ನಿಮ್ಮ 55-210ರ ಬಾಯಿ ಚಿಕ್ಕದು, ಇಲ್ಲಿ ಅದೇ ಅನುಕೂಲ. ದೊಡ್ಡ ಬೆಲೆಯ ಲೆನ್ಸುಗಳ ಬಾಯಿ ಅಗಲ, ತಂತಿ ಅಡ್ಡ ಬಂದೇ ಬರುತ್ತದೆ. ಬಿಸಿಲು ಬಿದ್ದು ಹೊಳೆಯೋ ತಂತಿಯಾದರೆ ಚಿತ್ರದ ಮೇಲೆ ಹಾಲು ಚೆಲ್ಲಿದ ಹಾಗೆ ಒಂದು ಬಿಳಿ ಪೊರೆ ಬರುತ್ತದೆ. ನೆರಳಿರುವ ಜಾಗ ಹುಡುಕಿ, ಇಲ್ಲದಿದ್ದರೆ ಆ ಚೌಕಕ್ಕೆ ಟೋಪಿಯನ್ನೋ ದುಪಟ್ಟಾವನ್ನೋ ಅಡ್ಡ ಹಿಡಿಯಿರಿ. 18-45ಕ್ಕೆ ಈ ಉಪಾಯ ನಡೆಯೋದಿಲ್ಲ. ಅದನ್ನು ಡಗ್‌ಔಟ್ ಒಳಗೆ ಬಳಸಿ.

ಬೇಲಿಯ ಒಳಗೆ ಬನ್ನಿ ಪರವಾಗಿಲ್ಲ ಅಂತ ಯಾರಾದರೂ ಕರೆಯಬಹುದು. ಅಂಪೈರ್ ಒಪ್ಪಿದರೂ ಹೋಗಬೇಡಿ. ಹೆಸರಿನಲ್ಲಿ ಸಾಫ್ಟ್ ಇದೆಯೇ ಹೊರತು ಚೆಂಡಿನಲ್ಲಿ ಇಲ್ಲ. ತಡವಾಗಿ ಬೀಸಿದ ಬಲಗೈಯವರ ಫೌಲ್ ಬಾಲ್ (ಗೆರೆಯಾಚೆ ಹೋದ ಹೊಡೆತ) ಬರೋದು ನೀವು ನಿಂತ ಫಸ್ಟ್ ಬೇಸ್ ಬದಿಗೇ. ವ್ಯೂಫೈಂಡರಿನಲ್ಲಿ ಅದು ದೂರದ ಹಳದಿ ಚುಕ್ಕೆಯ ಹಾಗೆ ಕಾಣುತ್ತಿರುತ್ತದೆ, ಕಾಣುತ್ತಲೇ ಮೊಣಕಾಲಿಗೆ ಬಂದಿರುತ್ತದೆ. ನನ್ನ ಎಡಮೊಣಕಾಲು ಮೂರು ವಾರ ನೇರಳೆ ಬಣ್ಣದಲ್ಲಿತ್ತು. ಕ್ಯಾಮೆರಾಕ್ಕೆ ಹಚ್ಚದ ಇನ್ನೊಂದು ಕಣ್ಣು ತೆರೆದಿರಲಿ. ಬ್ಯಾಟರ್ ಕಡೆಗೆ ಬೆನ್ನು ಹಾಕಿ ಸ್ಕ್ರೀನ್ ನೋಡುತ್ತಾ ನಿಲ್ಲಬೇಡಿ. ‘ಹೆಡ್ಸ್ ಅಪ್’ ಅಂತ ಕೂಗು ಕೇಳಿದರೆ ತಲೆ ಎತ್ತಿ ನೋಡೋದಲ್ಲ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಬಗ್ಗೋದು. ಪಕ್ಕದ ಮೈದಾನದ ಚೆಂಡೂ ಬರಬಹುದು.

ಟೈಮಿಂಗ್ ವಿಷಯದಲ್ಲಿ ಈ ಆಟ ಕ್ರಿಕೆಟ್‌ಗಿಂತ ದಯಾಳು. ಪಿಚರ್ (ಇಲ್ಲಿಯ ಬೌಲರ್) 50 ಅಡಿ ದೂರದಿಂದ ಕೆಳಗೈಯಲ್ಲಿ ಎಸೆದ ಚೆಂಡು ಕಮಾನಿನ ಹಾಗೆ ಮೇಲೇರಿ ಇಳಿಯುತ್ತದೆ. ಕೈ ಬಿಟ್ಟಲ್ಲಿಂದ ಪ್ಲೇಟಿಗೆ ಬರಲು ಒಂದು ಸೆಕೆಂಡಿಗಿಂತ ಜಾಸ್ತಿ ಹೊತ್ತು. ಅಷ್ಟರಲ್ಲಿ ಉಸಿರು ಬಿಟ್ಟು, ಫೋಕಸ್ ಸರಿ ಇದೆಯೇ ನೋಡಿ, ಬೆರಳು ಸಿದ್ಧ ಮಾಡಿಕೊಳ್ಳಬಹುದು. ಆದರೆ ಬ್ಯಾಟಿಗೆ ಚೆಂಡು ತಾಗುವ ಗಳಿಗೆ ಸುಮಾರು ಒಂದು ಮಿಲಿಸೆಕೆಂಡ್, ಅಷ್ಟೇ. ತಾಗಿದ್ದು ಕಂಡ ಮೇಲೆ ಒತ್ತುತ್ತೇನೆ ಅಂದರೆ ನಿಮ್ಮ ಬೆರಳು ಇಳಿಯುವಷ್ಟರಲ್ಲಿ ಗಟ್ಟಿ ಹೊಡೆತದ ಚೆಂಡು ಎಂಟು ಮೀಟರ್ ಆಚೆ ಹೋಗಿರುತ್ತದೆ. ಬರ್ಸ್ಟ್ ಒತ್ತಿ ಹಿಡಿದರೆ ಸಿಗುತ್ತದಲ್ಲ ಅನ್ನಬೇಡಿ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 12 ಫ್ರೇಮ್ ತೆಗೆಯುತ್ತದೆ. ಎರಡು ಫ್ರೇಮಿನ ನಡುವೆ ಅಂಥ ಚೆಂಡು ಮೂರು ಮೀಟರಿಗೂ ಹೆಚ್ಚು ಓಡುತ್ತದೆ. ಸಿಕ್ಕಿದರೆ ಅದೃಷ್ಟ, ಅಷ್ಟೇ.

ನಾನು ನೋಡೋದು ಬ್ಯಾಟರ್‌ನ ಮುಂಗಾಲನ್ನು. ಬೀಸುವ ಮುಂಚೆ ಆ ಕಾಲು ಒಂದು ಚೂರು ಎದ್ದು ನೆಲಕ್ಕೆ ಊರುತ್ತದೆ. ಊರಿದ ಕೂಡಲೇ ಒತ್ತಿ, ನಾಲ್ಕೈದು ಫ್ರೇಮ್ ಹೋಗಲಿ, ಬೆರಳು ಎತ್ತಿ. ಆರು ಸಲಕ್ಕೆ ಒಂದು ಸಲ ಚೆಂಡು ಬ್ಯಾಟಿನ ಹತ್ತಿರ ಸಿಕ್ಕಿದರೂ ಲಾಭವೇ. ಸಿಗದ ಐದರಲ್ಲಿ ಹೆಚ್ಚಿನವು ಬೀಸಿದ ಮರುಕ್ಷಣದ ಮುಖಗಳಾಗಿರುತ್ತವೆ. ನಾಲಿಗೆ ಕಚ್ಚಿಕೊಂಡಿದ್ದು, ಒಂದು ಕಣ್ಣು ಮುಚ್ಚಿದ್ದು, ಚೆಂಡು ಎಲ್ಲಿ ಹೋಯಿತು ಅಂತ ಹುಡುಕೋ ನೋಟ. ನಿಜ ಹೇಳಬೇಕೆಂದರೆ ನನಗೆ ಆ ಫ್ರೇಮುಗಳೇ ಇಷ್ಟ.

ಹೊಡೆದ ಮೇಲೆ ಚೆಂಡಿನ ಹಿಂದೆ ಲೆನ್ಸ್ ತಿರುಗಿಸಬೇಡಿ. ಟಿವಿಯಲ್ಲಿ ಕ್ರಿಕೆಟ್ ನೋಡಿದವರಿಗೆಲ್ಲ ಇದೇ ಚಾಳಿ, ನನಗೂ ಇತ್ತು. ಚೆಂಡು ಎಲ್ಲಿಗೆ ಬಂದು ಮುಟ್ಟುತ್ತದೆ ಅನ್ನೋದನ್ನು ಊಹಿಸಿ ಅಲ್ಲಿ ಕಾಯಿರಿ. ಚೆಂಡು ನೆಲದ ಮೇಲೆ ಉರುಳಿತೋ, ಹತ್ತರಲ್ಲಿ ಎಂಟು ಸಲ ಅದು ಫಸ್ಟ್ ಬೇಸಿಗೇ ಬರುತ್ತದೆ. ಎಷ್ಟೋ ಮೈದಾನಗಳಲ್ಲಿ ಅಲ್ಲಿ ಜೋಡಿ ಬೇಸ್ ಇರುತ್ತದೆ. ಓಡುವವರೂ ಹಿಡಿಯುವವರೂ ಡಿಕ್ಕಿ ಹೊಡೆಯಬಾರದು ಅಂತ ಫೀಲ್ಡರಿಗೆ ಬಿಳಿ, ಓಟಗಾರರಿಗೆ ಪಕ್ಕದಲ್ಲೇ ಕಿತ್ತಳೆ. ಥರ್ಡ್ ಬೇಸ್ ಬದಿಯಿಂದ ಅದಕ್ಕೆ ಫೋಕಸ್ ಇಟ್ಟು ಕಾದರೆ, ಕಿತ್ತಳೆಯ ಮೇಲೆ ಒಂದು ಪಾದ, ಬಿಳಿಯ ಮೇಲೆ ಇನ್ನೊಂದು, ಗ್ಲೌಸಿನ ಬಾಯಲ್ಲಿ ಚೆಂಡು, ಹಿಂದೆ ಕೈ ಎತ್ತಲು ಹೊರಟ ಅಂಪೈರ್, ಎಲ್ಲ ಒಂದೇ ಚೌಕಟ್ಟಿಗೆ ಬೀಳುತ್ತವೆ. ನನ್ನ ಫಸ್ಟ್ ಬೇಸ್‌ಮನ್‌ಗೆ ಮುಂದಿನ ವರ್ಷ ಕೊಟ್ಟ ಚಿತ್ರ ಅದೇ. ಔಟೋ ಸೇಫೋ ಅನ್ನೋ ಜಗಳ ಮಾತ್ರ ಆ ಫೋಟೊ ನೋಡಿದ ಮೇಲೂ ಮುಗಿಯಲಿಲ್ಲ.

ಸರಿ, ಸೆಟಿಂಗ್. ಮ್ಯಾನ್ಯುಯಲ್ ಮೋಡ್, ಷಟರ್ 1/1600, ಅಪರ್ಚರ್ ಲೆನ್ಸ್ ಎಷ್ಟು ತೆರೆಯುತ್ತದೋ ಅಷ್ಟು (210ರಲ್ಲಿ ನಿಮ್ಮದು ಎಫ್ 7.1), ಐಎಸ್‌ಒ (ಸೆನ್ಸರ್ ಬೆಳಕನ್ನು ಎಷ್ಟು ಹಿಗ್ಗಿಸುತ್ತದೆ ಅನ್ನೋದು) ಆಟೊ. ಒಳ್ಳೇ ಬಿಸಿಲಿದ್ದರೆ ಅದು 400ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಚಿಂತೆ ಬೇಡ. 1/1000ಕ್ಕೆ ಇಳಿಸಿದರೆ ಬ್ಯಾಟಿನ ತುದಿ ಮೂರು ಸೆಂಟಿಮೀಟರಿನಷ್ಟು ಎಳೆದ ಹಾಗೆ ಬರುತ್ತದೆ. ಕೆಲವರಿಗೆ ಆ ಎಳೆತವೇ ಇಷ್ಟ, ತಪ್ಪೇನಿಲ್ಲ. ಫೋಕಸ್ ಸರ್ವೊದಲ್ಲಿರಲಿ (ಓಡುವವರನ್ನು ಬಿಡದೆ ಹಿಂಬಾಲಿಸುವ ಮೋಡ್), ಗುರುತಿಸುವ ವಿಷಯ ಜನ. ಆದರೆ ಇಡೀ ಚೌಕಟ್ಟನ್ನು ಕ್ಯಾಮೆರಾ ಇಷ್ಟಕ್ಕೆ ಬಿಟ್ಟರೆ ಅದು ಅಂಪೈರಿನ ಮುಖ ಹಿಡಿದು ಕೂರುತ್ತದೆ, ಸಣ್ಣ ಜೋನ್ ಆರಿಸಿ. ಪೂರ್ತಿ ಎಲೆಕ್ಟ್ರಾನಿಕ್ ಷಟರ್ ಬೇಡ. ಸದ್ದಿಲ್ಲ, ವೇಗವೂ ಜಾಸ್ತಿ, ನಿಜ. ಆದರೆ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವಷ್ಟರಲ್ಲಿ ಬ್ಯಾಟು ಜರುಗಿ, ಬಾಳೆದಿಂಡಿನ ಹಾಗೆ ಬಾಗಿ ಕಾಣುತ್ತದೆ. ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ ಸಾಕು. ಫೈಲು ಜೆಪೆಗ್. ಎರಡು ದಿನಕ್ಕೆ ಮೂರು ಸಾವಿರ ಚಿತ್ರ ಆಗುತ್ತವೆ. ರಾ (RAW) ಅನ್ನೋ ದೊಡ್ಡ ಫೈಲಿನಲ್ಲಿ ತೆಗೆದರೆ ಇಂಥ ಚಿಕ್ಕ ಕ್ಯಾಮೆರಾದ ಬಫರ್ (ತಾತ್ಕಾಲಿಕ ಮೆಮೊರಿ) ಚಕ್ಕನೆ ತುಂಬಿ, ಓಟಗಾರ ಜಾರುವ ಹೊತ್ತಿಗೆ ಸರಿಯಾಗಿ ಕೈ ಕೊಡುತ್ತದೆ.

ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಕ್ಯಾಪಿನ ನೆರಳು ಮೂಗಿನವರೆಗೆ ಇಳಿದಿರುತ್ತದೆ. ಕ್ಯಾಮೆರಾ ಬೆಳ್ಳಗಿನ ಆಕಾಶ ನೋಡಿ ಚಿತ್ರವನ್ನು ಕಪ್ಪು ಮಾಡುತ್ತದೆ, ನಮ್ಮ ಮೈಬಣ್ಣದವರ ಕಣ್ಣು ಆ ನೆರಳಲ್ಲಿ ಮುಳುಗಿಯೇ ಹೋಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಪ್ಲಸ್ ಮೂರನೇ ಎರಡು (+2/3), ಬೇಕಾದರೆ ಪ್ಲಸ್ ಒಂದು ಇಡಿ. ಆಕಾಶ ಬಿಳುಚಿದರೆ ಬಿಳುಚಲಿ. ಬೇಸುಗಳ ಸುತ್ತ ಹುಲ್ಲಿಲ್ಲದ ಕೆಂಗಂದು ಮಣ್ಣಿರುತ್ತದೆ. ಅಲ್ಲಿ ಬಗ್ಗಿದವರ, ಜಾರಿದವರ ಮುಖಕ್ಕೆ ನೆಲದಿಂದಲೇ ಬೆಳಕು ತಿರುಗಿ ಬೀಳುತ್ತದೆ. ನಡುಮಧ್ಯಾಹ್ನದ ಒಳ್ಳೆಯ ಚಿತ್ರಗಳೆಲ್ಲ ಆ ಮಣ್ಣಿನ ಮೇಲೇ ಹುಟ್ಟುತ್ತವೆ, ಹುಲ್ಲಿನ ಮೇಲಲ್ಲ.

ಇನ್ನು ಡಗ್‌ಔಟ್. ಅರ್ಧ ಆಟ ನಡೆಯೋದು ಆ ಬೆಂಚಿನ ಮೇಲೆ. ಸ್ಲೋ ಪಿಚ್‌ನಲ್ಲಿ ಚೆಂಡು ಪ್ಲೇಟ್ ತಲುಪುವ ತನಕ ಓಟಗಾರರು ಬೇಸ್ ಬಿಡುವಂತಿಲ್ಲ, ಹಾಗಾಗಿ ಎರಡು ಎಸೆತಗಳ ನಡುವೆ ಮೈದಾನದಲ್ಲಿ ನೀವು ಕಳೆದುಕೊಳ್ಳುವಂಥದ್ದು ಏನೂ ಇರೋದಿಲ್ಲ. 18-45 ಹಾಕಿಕೊಂಡು ಒಳಗೆ ಹೋಗಿ ಒಂದು ಇನ್ನಿಂಗ್ಸ್ ಪೂರ್ತಿ ಕೂತುಬಿಡಿ. ಮೊದಲ ಐದು ನಿಮಿಷ ಎಲ್ಲರೂ ಹಲ್ಲು ಕಿರಿಯುತ್ತಾರೆ, ಆಮೇಲೆ ನಿಮ್ಮನ್ನು ಮರೆಯುತ್ತಾರೆ. ಮ್ಯಾನೇಜರು ಮಂಡಿಗೆ ಐಸ್ ಕಟ್ಟಿಕೊಳ್ಳೋದು, ಯಾರೋ ಸ್ಕೋರ್ ಶೀಟಿನಲ್ಲಿ ತಪ್ಪು ಬರೆದು ಬೈಸಿಕೊಳ್ಳೋದು, ಒಬ್ಬರ ಡಬ್ಬಿಯ ಚಿತ್ರಾನ್ನಕ್ಕೆ ನಾಲ್ಕು ಕೈ ಹೋಗೋದು, ಇವಕ್ಕೆ 1/1600 ಬೇಡ, 1/250 ಸಾಕು. ಬೇರೆ ಟೀಮಿನವರ ಮಕ್ಕಳು ಚೌಕಟ್ಟಿನಲ್ಲಿ ದೊಡ್ಡದಾಗಿ ಬಂದರೆ ಅಪ್ಪ ಅಮ್ಮನನ್ನು ಒಂದು ಮಾತು ಕೇಳಿ.

ಗ್ರೂಪ್ ಫೋಟೊವನ್ನು ಶನಿವಾರ ಬೆಳಗ್ಗೆ ಮೊದಲ ಮ್ಯಾಚಿಗೆ ಮುಂಚೆಯೇ ಮುಗಿಸಿ. ಇಂಥ ಕಡೆ ಸಾಮಾನ್ಯವಾಗಿ ಶನಿವಾರ ಲೀಗ್ ಮ್ಯಾಚು, ಭಾನುವಾರ ನಾಕೌಟ್. ಸೋತವರು ಕಾರು ಹತ್ತಿದರೆ ವಾಪಸ್ ಕರೆಯೋದು ಕಷ್ಟ, ಅಂಗಿಗಳೂ ಅಷ್ಟೊತ್ತಿಗೆ ಮಣ್ಣಾಗಿರುತ್ತವೆ. ಮಣ್ಣಾದ ಮೇಲೆ ಇನ್ನೊಂದು ತೆಗೆದರೆ ಅದೂ ಚೆನ್ನ.

ರಾತ್ರಿ ಫೈನಲ್ ವಿಷಯ. ಪಾರ್ಕಿನ ಲೈಟು ಕಣ್ಣಿಗೆ ಝಗಮಗ ಅನಿಸಿದರೂ ಕ್ಯಾಮೆರಾ ಪಾಲಿಗೆ ಮಂಕು. 55-210ರಲ್ಲಿ, 1/500 ಇಟ್ಟರೂ ಐಎಸ್‌ಒ 20,000 ಮುಟ್ಟುತ್ತದೆ, ಮುಖಗಳು ಚಿರೋಟಿ ರವೆ ಉದುರಿಸಿದ ಹಾಗೆ ಬರುತ್ತವೆ. ಬಾಡಿಗೆಗೆ 70-200 ಎಫ್ 2.8 ತಂದರೆ ಕೆಲಸ ಆಗುತ್ತದೆ, ಇಲ್ಲ ಅನ್ನೋದಿಲ್ಲ. ಆದರೆ ಅಭ್ಯಾಸ ಇಲ್ಲದ ಕೈಗೆ ಒಂದು ಕಿಲೋಗಿಂತ ಭಾರದ ಲೆನ್ಸು, ಅದರ ಅಗಲ ಬಾಯಿಗೆ ಅಡ್ಡ ಬರುವ ಬೇಲಿ ತಂತಿ, ಮೇಲೆ ಬಾಡಿಗೆ, ಡೆಪಾಸಿಟ್. ನನ್ನ ಮಾತು ಕೇಳಿದರೆ 50 ಎಂಎಂ ಎಫ್ 1.8 ಒಂದು ಕೊಂಡುಬಿಡಿ. ಕ್ಯಾನನ್‌ನ ಅಗ್ಗದ ಲೆನ್ಸುಗಳಲ್ಲೊಂದು, ನಿಮ್ಮ ಜೂಮಿಗಿಂತ ಸುಮಾರು 16 ಪಟ್ಟು ಬೆಳಕು ಒಳಗೆ ಬಿಡುತ್ತದೆ. 1/500ರಲ್ಲಿ ಐಎಸ್‌ಒ 1300ರ ಹತ್ತಿರ ಬರುತ್ತದೆ, ಮಗಳ ಮುಂದಿನ ಹುಟ್ಟುಹಬ್ಬಕ್ಕೂ ಆಯಿತು. ಅದರಲ್ಲಿ ಸೆಕೆಂಡ್ ಬೇಸ್ ಎಟಕೋದಿಲ್ಲ. ಹೋಮ್ ಪ್ಲೇಟ್ ಮತ್ತು ಡಗ್‌ಔಟ್ ಮಾತ್ರ ನಿಮ್ಮ ಜಗತ್ತು ಅಂದುಕೊಂಡು ಗೇಟಿನ ಸಂದಿಯಲ್ಲಿ ನಿಲ್ಲಿ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್, ಹಾಗಾಗಿ ಹಳೇ ಲೈಟುಗಳು ಸೆಕೆಂಡಿಗೆ 120 ಸಲ ಮಿನುಗುತ್ತವೆ. ಒಂದು ಫ್ರೇಮ್ ಹಳದಿ, ಮುಂದಿನದು ಕಪ್ಪು ಅನಿಸಿದರೆ ಮೆನುವಿನಲ್ಲಿ ಆಂಟಿ-ಫ್ಲಿಕರ್ ಆನ್ ಮಾಡಿ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ, ಬ್ಯಾಟರ್ ಕಣ್ಣಿಗೆ ಹೊಡೆದರೆ ಅಂಪೈರ್ ನಿಮ್ಮನ್ನು ಹೊರಗೆ ಕಳಿಸುತ್ತಾರೆ, ಸರಿಯಾಗಿಯೇ.

ಅದಕ್ಕೂ ಮುಂಚೆ ಯಜಮಾನರನ್ನು ಮೆಲ್ಲಗೆ ಒಂದು ಮಾತು ಕೇಳಿ, ಕಳೆದ ವರ್ಷ ಇವರ ಟೀಮು ಎಷ್ಟನೇ ಮ್ಯಾಚಿನವರೆಗೆ ಉಳಿದಿತ್ತು ಅಂತ. ಭಾನುವಾರ ಮಧ್ಯಾಹ್ನವೇ ಮನೆಗೆ ಬಂದವರಾಗಿದ್ದರೆ, ಆ 50 ಎಂಎಂ ಕೂಡ ಈ ವರ್ಷ ಅವಸರವಿಲ್ಲ.